ಇಬ್ಬರು ಸೇರಿ ಮರಗಾಣದ ಎಣ್ಣೆ ಘಟಕ: ಪಿಎಂಇಜಿಪಿ ಒಳ್ಳೇದಾ, ಪಿಎಂಎಫ್‌ಎಂಇ ಒಳ್ಳೇದಾ?

ಶೇಂಗಾಬಳ್ಳಿ
ಎಲ್ಲರಿಗೂ ನಮಸ್ಕಾರ. ಜಾಗ ಚಳ್ಳಕೆರೆ ತಾಲೂಕಿನ ಒಂದು ಹಳ್ಳಿ, ಗ್ರಾಮ ಪಂಚಾಯಿತಿ ವ್ಯಾಪ್ತಿ. ಸ್ನೇಹಿತರು ಇಬ್ಬರು, ಇಬ್ಬರಿಗೂ 24 ವರ್ಷ, ಡಿಗ್ರಿ ಆಗಿದೆ. ಶೇಂಗಾ ಎಣ್ಣೆಗೆ ಎರಡು ಮರಗಾಣ, ಸಿಪ್ಪೆ ಬಿಡಿಸೋ ಯಂತ್ರ, ಫಿಲ್ಟರ್ ಪ್ರೆಸ್, ಪ್ಯಾಕಿಂಗ್ ಎಲ್ಲ ಸೇರಿ ಯಂತ್ರಕ್ಕೆ 9 ಲಕ್ಷ. ದುಡಿಯುವ ಬಂಡವಾಳ (ಬೀಜ, ಕೂಲಿ ಥರದ ದಿನದ ಖರ್ಚಿಗೆ) 3 ಲಕ್ಷ. ಒಟ್ಟು 12 ಲಕ್ಷ. ಶೆಡ್ ಬಾಡಿಗೆಗೆ. ಒಬ್ಬ ಸಾಮಾನ್ಯ ವರ್ಗ, ಇನ್ನೊಬ್ಬ ಒಬಿಸಿ.

ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮ), ಪಿಎಂಎಫ್‌ಎಂಇ (ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆ), ಎರಡೂ ಕೇಂದ್ರದ ಸಾಲ-ಸಬ್ಸಿಡಿ ಯೋಜನೆ. ಸಬ್ಸಿಡಿ ಯಾವುದರಲ್ಲಿ ಜಾಸ್ತಿ? ಎರಡಕ್ಕೂ ಅರ್ಜಿ ಹಾಕಬಹುದಾ? ಸಬ್ಸಿಡಿ ದುಡ್ಡಲ್ಲೇ ನಮ್ಮ ಪಾಲಿನ ಬಂಡವಾಳ ತುಂಬಬಹುದು ಅಂತ ಒಬ್ಬರು ಹೇಳ್ತಿದ್ದಾರೆ, ನಿಜಾನಾ?

ಲೆಕ್ಕದಮನೆ
ಕೊನೇ ಪ್ರಶ್ನೆ ಮೊದಲು. ನಿಜ ಅಲ್ಲ. ಎರಡೂ ಯೋಜನೆಯಲ್ಲಿ ಸಬ್ಸಿಡಿ ನಿಮ್ಮ ಕೈಗೆ ಬರೋದೇ ಇಲ್ಲ. ನಿಮ್ಮ ಪಾಲು ಮೊದಲು ಕಟ್ಟಬೇಕು, ಬ್ಯಾಂಕು ಸಾಲ ಬಿಡುಗಡೆ ಮಾಡಬೇಕು, ಆಮೇಲೆ ಸಬ್ಸಿಡಿ ಬ್ಯಾಂಕಿಗೆ ಬಂದು ಮೂರು ವರ್ಷ ಅಲ್ಲೇ ಕೂರುತ್ತೆ. ಆ ಅವಧಿ ಮುಗಿದ ಮೇಲೆ, ಘಟಕ ನಡೀತಾ ಇದ್ರೆ, ಸಾಲದ ಖಾತೆಗೆ ಜಮಾ. "ಸರ್ಕಾರ 35 ಪರ್ಸೆಂಟ್ ಕೊಡುತ್ತೆ" ಅಂತ ಕೇಳಿದವರು ಮೊದಲ ದಿನವೇ ಆ ದುಡ್ಡು ಸಿಗುತ್ತೆ ಅಂದ್ಕೊಳ್ತಾರೆ. ಅಲ್ಲೇ ಎಡವೋದು.

ನಿಮ್ಮ ಲೆಕ್ಕ ಹೀಗೆ. ಪಿಎಂಇಜಿಪಿ, ಗ್ರಾಮೀಣ: ಸಾಮಾನ್ಯ ವರ್ಗಕ್ಕೆ ಶೇ 25, ಅಂದ್ರೆ 12 ಲಕ್ಷಕ್ಕೆ 3 ಲಕ್ಷ, ಸ್ವಂತ ಪಾಲು ಶೇ 10, 1.2 ಲಕ್ಷ. ಒಬಿಸಿ, ಎಸ್‌ಸಿ, ಎಸ್‌ಟಿ, ಮಹಿಳೆ, ಅಲ್ಪಸಂಖ್ಯಾತ, ಅಂಗವಿಕಲ, ಮಾಜಿ ಸೈನಿಕರಿಗೆ ಶೇ 35, ಅಂದ್ರೆ 4.2 ಲಕ್ಷ, ಸ್ವಂತ ಪಾಲು ಶೇ 5, 60 ಸಾವಿರ. ಸ್ವಂತ ಪಾಲು ಕಳೆದು ಉಳಿದದ್ದೆಲ್ಲ ಬ್ಯಾಂಕ್ ಸಾಲ.

ಪಿಎಂಎಫ್‌ಎಂಇ: ಕೇಂದ್ರದ ಯೋಜನೆಯಲ್ಲಿ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಅದರ ಮೇಲೆ ಶೇ 15 ಹೆಚ್ಚುವರಿ ಕೊಡುತ್ತೆ, ಒಟ್ಟು ಶೇ 50, ಗರಿಷ್ಠ 15 ಲಕ್ಷ. ಇಲ್ಲಿ ಜಾತಿ, ವರ್ಗ ನೋಡಲ್ಲ. ಆದರೆ ದುಡಿಯುವ ಬಂಡವಾಳಕ್ಕೆ ಸಬ್ಸಿಡಿ ಇಲ್ಲ, ಯಂತ್ರದ 9 ಲಕ್ಷಕ್ಕೆ ಮಾತ್ರ. 4.5 ಲಕ್ಷ. ಸ್ವಂತ ಪಾಲು ಶೇ 10.

ಗಾಣದೆತ್ತು
ಚಿತ್ರದುರ್ಗಕ್ಕೆ ಒಂದು ಜಿಲ್ಲೆ ಒಂದು ಉತ್ಪನ್ನ ಪಟ್ಟಿಯಲ್ಲಿ ಶೇಂಗಾನೇ ಇರೋದು. ಕಣ್ಣು ಮುಚ್ಕೊಂಡು ಪಿಎಂಎಫ್‌ಎಂಇ ಹಾಕಿ ಗುರು.

ಮಲೆನಾಡ್_ಮಾಣಿ
ಕಣ್ಣು ಮುಚ್ಚೋದು ಬೇಡ. ಒಬ್ಬರೂ ಮುಖ್ಯ ವಿಷಯ ಹೇಳಲಿಲ್ಲ: ಇಬ್ಬರು ಪಾಲುದಾರರು. ಪಿಎಂಇಜಿಪಿ ವ್ಯಕ್ತಿಗೆ ಮಾತ್ರ, ಪಾಲುದಾರಿಕೆ ಸಂಸ್ಥೆಗೆ ಇಲ್ಲ. ಒಬಿಸಿ ಗೆಳೆಯನ ಹೆಸರಲ್ಲಿ ಹಾಕಿ 4.2 ಲಕ್ಷ ಸಬ್ಸಿಡಿ ತಗೋಬಹುದು, ಆದರೆ ಕಾಗದದ ಮೇಲೆ ಸಾಲ ಅವನದು, ಘಟಕ ಅವನದು, ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಅವನದು. ಇನ್ನೊಬ್ಬ ದುಡ್ಡು ಹಾಕಿದವನಾ, ಕೆಲಸಗಾರನಾ? ನಾಳೆ ಮನಸ್ತಾಪ ಬಂದ್ರೆ ಅವನಿಗೆ ಹಿಡಿಯೋಕೆ ಒಂದು ಕಾಗದವೂ ಇರಲ್ಲ.

ಪಿಎಂಎಫ್‌ಎಂಇ ಪಾಲುದಾರಿಕೆ ಸಂಸ್ಥೆಗೂ ಸಿಗುತ್ತೆ. ಪಾಲುದಾರಿಕೆ ಪತ್ರ ಮಾಡಿಸಿ, ನೋಂದಣಿ ಮಾಡಿಸಿ, ಸಂಸ್ಥೆ ಹೆಸರಲ್ಲಿ ಪ್ಯಾನ್ ಮತ್ತು ಕರೆಂಟ್ ಅಕೌಂಟ್ ತೆಗೆದು ಆಮೇಲೆ ಅರ್ಜಿ. ಈ ಕೇಸಿಗೆ ಉತ್ತರ ಇದೇ. ಸಬ್ಸಿಡಿ 30 ಸಾವಿರ ಹೆಚ್ಚೋ ಕಮ್ಮಿಯೋ ಅನ್ನೋದು ಆಮೇಲಿನ ಮಾತು.

ಶೇಂಗಾಬಳ್ಳಿ
ಇದು ಹೊಳೆದೇ ಇರಲಿಲ್ಲ ಸಾರ್. ಹಾಗಾದ್ರೆ ಇಬ್ಬರೂ ಬೇರೆ ಬೇರೆ ಪಿಎಂಇಜಿಪಿ ಹಾಕಿ ಒಂದೇ ಶೆಡ್‌ನಲ್ಲಿ ಎರಡು ಘಟಕ ಅಂತ ತೋರಿಸಿದ್ರೆ?

ಲೆಕ್ಕದಮನೆ
ತೋರಿಸಬೇಡಿ. ಸಬ್ಸಿಡಿ ಸಾಲಕ್ಕೆ ಹೊಂದಿಸೋ ಮೊದಲು ಸ್ಥಳ ಪರಿಶೀಲನೆ ಇರುತ್ತೆ. ಒಂದೇ ಮೀಟರ್, ಒಂದೇ ಶೆಡ್, ಎರಡು ಬೋರ್ಡು ಕಂಡ್ರೆ ವರದಿಯಲ್ಲಿ ಅದನ್ನೇ ಬರೀತಾರೆ.

ತುಂಗಾತೀರ
ಬೋರ್ಡು ಅಂದಾಗ ನೆನಪಾಯ್ತು. ಪಿಎಂಇಜಿಪಿ ಘಟಕದ ಮುಂದೆ ಯೋಜನೆ ಹೆಸರು, ಸಾಲ ಕೊಟ್ಟ ಬ್ಯಾಂಕಿನ ಹೆಸರು ಇರೋ ಬೋರ್ಡು ಕಡ್ಡಾಯ. ತುಂಬಾ ಜನ ಫೋಟೊಗೆ ಒಂದು ಫ್ಲೆಕ್ಸ್ ಕಟ್ಟಿ ಮಳೆಗೆ ಹರಿದ ಮೇಲೆ ಬಿಟ್ಟುಬಿಡ್ತಾರೆ. ತಗಡಿನ ಮೇಲೆ ಪೇಂಟ್ ಮಾಡಿಸಿ, ಮೂರು ವರ್ಷ ಬಾಳಬೇಕು ಅದು.

ಹುಬ್ಳಿ_ಮಂದಿ
ಇಷ್ಟೆಲ್ಲಾ ಯಾಕ್ರೀ? ಮುದ್ರಾ ತಗೋರಿ, ಮುಗೀತು. ಸಬ್ಸಿಡಿನೂ ಅದರಾಗ ಬರ್ತದ.

ಲೆಕ್ಕದಮನೆ
ಹುಬ್ಳಿ ಅಣ್ಣ, ಮುದ್ರಾದಲ್ಲಿ ಸಬ್ಸಿಡಿ ಇಲ್ಲವೇ ಇಲ್ಲ. ಅದು ಬ್ಯಾಂಕಿಗೆ ಸರ್ಕಾರದ ಗ್ಯಾರಂಟಿ ಇರೋ ಸಾಲ ಅಷ್ಟೇ. ಶಿಶು 50 ಸಾವಿರದವರೆಗೆ, ಕಿಶೋರ್ 5 ಲಕ್ಷದವರೆಗೆ, ತರುಣ್ 10 ಲಕ್ಷದವರೆಗೆ. 2024ರಲ್ಲಿ ತರುಣ್ ಪ್ಲಸ್ ಬಂತು, 20 ಲಕ್ಷದವರೆಗೆ, ಆದರೆ ತರುಣ್ ಸಾಲ ತಗೊಂಡು ಸರಿಯಾಗಿ ತೀರಿಸಿದವರಿಗೆ ಮಾತ್ರ. ಹೊಸಬರಿಗೆ ನೇರವಾಗಿ ಸಿಗಲ್ಲ.

ಹುಬ್ಳಿ_ಮಂದಿ
ಹಂಗಾದ್ರ ಎಲ್ಲಾರೂ 'ಮುದ್ರಾ ಸಬ್ಸಿಡಿ' ಅಂತ ಯಾಕ ಅಂತಾರ?

ಗಾಣದೆತ್ತು
ಏಜೆಂಟರು ಹಂಗಂತಾರೆ, ಅದಕ್ಕೆ.

ಕಡಲತಡಿ
ಏಜೆಂಟ್ ವಿಷಯ ಬಂತಲ್ಲ ಮಾರಾಯ್ರೇ, ಇದೊಂದು ಬರೀಲೇಬೇಕು. ಪಿಎಂಇಜಿಪಿ ಅರ್ಜಿ ಕೆವಿಐಸಿ (ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ) ಪೋರ್ಟಲ್‌ನಲ್ಲಿ ಉಚಿತ. ಉದ್ಯಮ್ ನೋಂದಣಿ ಉಚಿತ, ಆಧಾರ್ ಒಟಿಪಿ ಇದ್ದರೆ ಹತ್ತು ನಿಮಿಷದ ಕೆಲಸ. ಸರ್ಕಾರದ್ದೇ ಅನ್ನಿಸುವ ಹಾಗೆ ಪುಟ ಮಾಡಿ ಫೀಸು ವಸೂಲಿ ಮಾಡುವ ಖಾಸಗಿ ತಾಣ ಬೇಕಾದಷ್ಟಿವೆ, ನೋಡಿಕೊಳ್ಳಿ. ಪಿಎಂಎಫ್‌ಎಂಇಯಲ್ಲಂತೂ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ನೇಮಕ ಮಾಡಿರುತ್ತಾರೆ. ಯೋಜನಾ ವರದಿ, ಪೋರ್ಟಲ್ ಅರ್ಜಿ, ಬ್ಯಾಂಕಿಗೆ ಓಡಾಟ, ಸಾಲ ಆದ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ಪರವಾನಗಿ), ಉದ್ಯಮ್, ಎಲ್ಲದಕ್ಕೂ ಅವರು ಸಹಾಯ ಮಾಡಬೇಕು. ಅವರಿಗೆ ಸಂಭಾವನೆ ಯೋಜನೆಯಿಂದಲೇ ಹೋಗುತ್ತದೆ. ನೀವು ಒಂದು ರೂಪಾಯಿ ಕೊಡಬೇಕಾಗಿಲ್ಲ. ಕರ್ನಾಟಕದಲ್ಲಿ ಈ ಯೋಜನೆ ನೋಡಿಕೊಳ್ಳುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಜಿಲ್ಲೆಯಲ್ಲಿ ಕೃಷಿ ಇಲಾಖೆ ಕಚೇರಿಯಲ್ಲಿ ಕೇಳಿದರೆ ಹೆಸರು ಸಿಗುತ್ತದೆ.

ಬಡ್ಡಿಬಸಪ್ಪ
ಬ್ಯಾಂಕಿನ ಕಡೆಯಿಂದ ಅರ್ಜಿ ಎಲ್ಲಿ ನಿಲ್ಲುತ್ತೆ ಅಂತ ಹೇಳ್ತೀನಿ.

ಒಂದು, ಕೊಟೇಶನ್. ಜಿಎಸ್‌ಟಿ ನಂಬರ್ ಇಲ್ಲದ ಕೊಟೇಶನ್, 'ಆಯಿಲ್ ಮಷೀನ್ 1 ಸೆಟ್' ಅಂತ ಒಂದೇ ಸಾಲಿನ ಕೊಟೇಶನ್ ಮೊದಲ ನೋಟಕ್ಕೇ ವಾಪಸ್. ಪ್ರತಿ ಯಂತ್ರದ ಮಾಡೆಲ್, ಗಂಟೆಗೆ ಎಷ್ಟು ಕೆಜಿ, ಮೋಟಾರ್ ಎಷ್ಟು ಎಚ್‌ಪಿ, ಮೂಲ ಬೆಲೆ, ಜಿಎಸ್‌ಟಿ, ಸಾಗಣೆ, ಜೋಡಣೆ ಖರ್ಚು ಬೇರೆ ಬೇರೆ ಕಾಣಬೇಕು. ದುಡ್ಡು ನಿಮ್ಮ ಕೈಗೆ ಕೊಡಲ್ಲ, ಮಾರಾಟಗಾರರ ಖಾತೆಗೆ ನೇರ ಹೋಗುತ್ತೆ. ಕೊಟೇಶನ್ ಕೊಟ್ಟವನೊಬ್ಬ, ಬಿಲ್ ಕೊಟ್ಟವನೊಬ್ಬ ಆದ್ರೆ ಅಲ್ಲಿಗೆ ನಿಂತಂಗೆ.

ಎರಡು, ಬಾಡಿಗೆ ಕರಾರು. 11 ತಿಂಗಳ ಸ್ಟಾಂಪ್ ಪೇಪರ್ ಕರಾರು ತಂದು ಐದು ವರ್ಷದ ಸಾಲ ಕೇಳಿದ್ರೆ ಮ್ಯಾನೇಜರ್ ಏನು ಮಾಡಬೇಕು? ಸಾಲದ ಅವಧಿಯಷ್ಟಾದರೂ ಕರಾರು ಇರಲಿ. ಒಂದು ವರ್ಷ ಮೀರಿದ ಕರಾರನ್ನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚನ್ನ ಯಾರೂ ಲೆಕ್ಕಕ್ಕೆ ಹಿಡಿದಿರಲ್ಲ. ಶೆಡ್ ಮಾಲೀಕರು ನೋಂದಣಿಗೆ ಒಪ್ಪಲ್ಲ ಅನ್ನೋದಾದ್ರೆ ಈಗಲೇ ಗೊತ್ತಾಗಲಿ, ಸಾಲ ಮಂಜೂರಾದ ಮೇಲೆ ಅಲ್ಲ.

ಮೂರು, ಕರೆಂಟ್. 3 ಎಚ್‌ಪಿ ಮರಗಾಣ ಎರಡು, ಸಿಪ್ಪೆ ಯಂತ್ರ, ಫಿಲ್ಟರ್, ಎಲ್ಲ ಸೇರಿ 10 ಎಚ್‌ಪಿ ಹತ್ರ ಬರುತ್ತೆ. ತ್ರೀ ಫೇಸ್ ಕೈಗಾರಿಕಾ ಸಂಪರ್ಕ ಬೇಕು. ಶೆಡ್‌ಗೆ ಇರೋದು ಪಂಪ್‌ಸೆಟ್ ಸಂಪರ್ಕನಾ ಅಂತ ನೋಡಿ. ಅದರಲ್ಲಿ ಗಾಣ ಓಡಿಸಿದ್ರೆ ಬೆಸ್ಕಾಂ ದಂಡ ಹಾಕುತ್ತೆ. ಹೊಸ ಸಂಪರ್ಕದ ಠೇವಣಿ, ಕಂಬ, ತಂತಿ ಖರ್ಚಿನ ಅಂದಾಜು ಪತ್ರ ತಗೊಂಡು ವರದಿಯಲ್ಲಿ ಸೇರಿಸಿ.

ನಾಲ್ಕು, ಸಿಬಿಲ್, ಅಂದ್ರೆ ಸಾಲ ತೀರಿಸಿದ ಚರಿತ್ರೆಗೆ ಕೊಡೋ ಅಂಕ. ಸಾಲವೇ ತಗೊಂಡಿಲ್ಲದವರಿಗೆ ಮೈನಸ್ ಒಂದು ಅಂತ ಬರುತ್ತೆ, ಅದು ದೋಷ ಅಲ್ಲ. ಮೊಬೈಲ್ ಆ್ಯಪ್‌ನಲ್ಲಿ ತಗೊಂಡ ಎರಡು ಮೂರು ಸಾವಿರ ಸಾಲ ಕಟ್ಟದೆ ಬಿಟ್ಟಿರೋದು, ಗೆಳೆಯನ ಬೈಕ್ ಸಾಲಕ್ಕೆ ಜಾಮೀನು ನಿಂತು ಅವನು ಕಂತು ತಪ್ಪಿಸಿರೋದು, ಇವು ಈ ವಯಸ್ಸಿನವರ ಅರ್ಜಿ ಬೀಳಿಸ್ತವೆ. ಪಾಲುದಾರಿಕೆ ಆದ್ರೆ ಇಬ್ಬರದೂ ನೋಡ್ತಾರೆ.

ಶೇಂಗಾಬಳ್ಳಿ
ಸಾರ್, ಹಳೇ ಮರಗಾಣ ಒಂದು ಅರ್ಧ ಬೆಲೆಗೆ ಸಿಗ್ತಿದೆ. ಅದನ್ನ ಈಗಲೇ ತಗೊಂಡು ಉಳಿದದ್ದಕ್ಕೆ ಸಾಲ ಹಾಕಿದ್ರೆ?

ಬಡ್ಡಿಬಸಪ್ಪ
ಸಾಲ ಮಂಜೂರಾಗೋ ಮೊದಲು ತಗೊಂಡದ್ದು ಯೋಜನಾ ವೆಚ್ಚಕ್ಕೆ ಸೇರಲ್ಲ. ಹಳೇ ಯಂತ್ರ ಹೇಗೂ ಸೇರಲ್ಲ. ಇನ್ನೊಂದು ಅಪಾಯ, ಮುಂದೆ ಪಿಎಂಇಜಿಪಿ ಕಡೆ ತಿರುಗಿದ್ರೆ ಅದು ಹೊಸ ಘಟಕಕ್ಕೆ ಮಾತ್ರ. ಗಾಣ ತಿರುಗಿಸಿ ಮಾರಾಟ ಶುರು ಮಾಡಿದ್ರೆ ನೀವು ಹಳೇ ಘಟಕ. ಪಿಎಂಎಫ್‌ಎಂಇಯಲ್ಲಿ ಇರೋ ಘಟಕದ ವಿಸ್ತರಣೆಗೂ ಅವಕಾಶ ಇದೆ, ಅಲ್ಲಿ ಆ ತಕರಾರು ಇಲ್ಲ.

ನಿಷ್ಠುರವಾದಿ
ಎಲ್ಲರೂ ಸಬ್ಸಿಡಿ ಸಬ್ಸಿಡಿ ಅಂತಿದ್ದೀರಿ, ಕಡಲೆಬೀಜ ಎಲ್ಲಿಂದ ತರ್ತಾರೆ ಅಂತ ಒಬ್ಬರೂ ಕೇಳಿಲ್ಲ. 3 ಲಕ್ಷ ದುಡಿಯುವ ಬಂಡವಾಳ ಅಂತ ಬರೆದಿದ್ದಾರೆ. ದಿನಕ್ಕೆ 100 ಕೆಜಿ ಬೀಜ, ತಿಂಗಳಿಗೆ 25 ದಿನ, 2,500 ಕೆಜಿ. ಕೆಜಿಗೆ 110 ರೂಪಾಯಿ ಅಂತ ಹಿಡಿದ್ರೂ 2.75 ಲಕ್ಷ. ಅಂದ್ರೆ ಒಂದು ತಿಂಗಳ ಬೀಜಕ್ಕೇ ಖಾಲಿ. ಬಾಟಲಿ, ಲೇಬಲ್, ಕೂಲಿ, ಕರೆಂಟ್ ಬಿಲ್ ಎಲ್ಲಿಂದ? ಅಂಗಡಿಯವರು ತಿಂಗಳ ಉದ್ದರಿ ಕೇಳ್ತಾರೆ. ಮುಂಗಾರು ಶೇಂಗಾ ಮಾರುಕಟ್ಟೆಗೆ ಬರೋದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ದರ ಇಳಿದಾಗ ಮೂರು ತಿಂಗಳ ಬೀಜ ಕೊಂಡಿಡಬೇಕು ಅಂದ್ರೆ 8 ಲಕ್ಷದ ಮೇಲೆ ಬೇಕು. ಈ ಘಟಕ ಬಿದ್ದರೆ ಸಬ್ಸಿಡಿ ಕಮ್ಮಿ ಆಗಿ ಬೀಳಲ್ಲ, ಬೀಜ ಕೊಳ್ಳೋಕೆ ದುಡ್ಡಿಲ್ಲದೆ ಬೀಳುತ್ತೆ.

ಗಾಣದೆತ್ತು
ಇದು ಖರೆ. ಹಿಂಡಿ ಮಾರಾಟದ ದುಡ್ಡನ್ನೂ ಲೆಕ್ಕಕ್ಕೆ ತಗೊಳ್ಳಿ ಆದ್ರೆ. ಮರಗಾಣದಲ್ಲಿ ನೂರು ಕೆಜಿ ಬೀಜಕ್ಕೆ 40 ಕೆಜಿ ಆಸುಪಾಸು ಎಣ್ಣೆ, ತಳಿ ಮತ್ತು ತೇವ ನೋಡ್ಕೊಂಡು ಆಚೀಚೆ. ಉಳಿದದ್ದು ಹಿಂಡಿ. ಹಾಲಿನ ದನ ಸಾಕೋರು ಕೈಯಲ್ಲಿ ದುಡ್ಡು ಕೊಟ್ಟು ಒಯ್ತಾರೆ, ಉದ್ದರಿ ಕಮ್ಮಿ. ಎಕ್ಸ್‌ಪೆಲ್ಲರ್ (ಜೋರಾಗಿ ಒತ್ತಿ ಎಣ್ಣೆ ತೆಗೆಯೋ ಯಂತ್ರ) ಹಿಂಡಿಗಿಂತ ಗಾಣದ ಹಿಂಡಿಯಲ್ಲಿ ಎಣ್ಣೆ ಅಂಶ ಜಾಸ್ತಿ ಉಳಿಯೋದ್ರಿಂದ ಬೇಡಿಕೆನೂ ಇದೆ.

ತುಂಗಾತೀರ
ಆದ್ರೆ ಬೂಷ್ಟು ಹಿಡಿದ ಬೀಜ ಮಾತ್ರ ಗಾಣಕ್ಕೆ ಹಾಕಬೇಡಿ, ಅಫ್ಲಾಟಾಕ್ಸಿನ್ ಅನ್ನೋ ಬೂಷ್ಟಿನ ವಿಷ ಎಣ್ಣೆಗೂ ಬರುತ್ತೆ, ಹಿಂಡಿಗೂ ಬರುತ್ತೆ. ಆರಿಸೋಕೆ ಇಬ್ಬರು ಹೆಂಗಸರ ಕೂಲಿ ವರದಿಯಲ್ಲಿ ಇರಲೇಬೇಕು.

ಕಡಲತಡಿ
ಮತ್ತೆ ಬಿಡಿ ಎಣ್ಣೆ ಮಾರುವ ಯೋಚನೆ ಇದ್ದರೆ ಬಿಡಿ. ಆಹಾರ ಸುರಕ್ಷತೆ ನಿಯಮದಲ್ಲಿ ಖಾದ್ಯ ತೈಲ ಪ್ಯಾಕ್ ಮಾಡಿಯೇ ಮಾರಬೇಕು. ಡಬ್ಬಿ ತಂದವರಿಗೆ ಅಳೆದು ಹಾಕುವುದು ಎಲ್ಲ ಕಡೆ ನಡೆಯುತ್ತದೆ ಅಂತ ನಿಯಮ ಬದಲಾಗುವುದಿಲ್ಲ. ಬಾಟಲಿ ಖರ್ಚು ಲೀಟರಿಗೆ ಸೇರಿಸಿ.

ಸಹ್ಯಾದ್ರಿ_ಕೋಡ್
ವಿಷಯಾಂತರಕ್ಕೆ ಕ್ಷಮೆ ಇರಲಿ. ಆ್ಯಪ್ ಮಾಡೋ ಹುಡುಗರಿಗೆ ಇಂಥದ್ದೇನೂ ಇಲ್ವಾ? ಯಂತ್ರವೂ ಇಲ್ಲ, ಶೆಡ್ಡೂ ಇಲ್ಲ.

ಮಲೆನಾಡ್_ಮಾಣಿ
ಇದೆ, ಆದರೆ ಬೇರೆ ದಾರಿ. ಬಂಡವಾಳ ವೆಚ್ಚವೇ ಇಲ್ಲದ ಯೋಜನೆಗೆ ಪಿಎಂಇಜಿಪಿ ಇಲ್ಲ. ನಿಮಗೆ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್, 2021ರಲ್ಲಿ ನಾಲ್ಕು ವರ್ಷಕ್ಕೆ ಅಂತ ಶುರುವಾದದ್ದು, ಈಗ ಅರ್ಜಿ ತಗೊಳ್ತಿದಾರಾ ಅಂತ ಮೊದಲು ನೋಡ್ಕೊಳ್ಳಿ. ಮಾದರಿ ತಯಾರಿಕೆ, ಪರೀಕ್ಷೆಗೆ 20 ಲಕ್ಷದವರೆಗೆ ಅನುದಾನ. ಮಾರುಕಟ್ಟೆಗೆ ಹೋಗೋ ಹಂತಕ್ಕೆ 50 ಲಕ್ಷದವರೆಗೆ, ಅದು ಸಾಲ ಅಥವಾ ಮುಂದೆ ಷೇರಾಗಿ ಬದಲಾಗೋ ರೂಪದಲ್ಲಿ. ಕೊಡೋದು ಆಯ್ಕೆಯಾದ ಇನ್‌ಕ್ಯುಬೇಟರ್‌ಗಳು, ಅಂದ್ರೆ ಹೊಸ ಕಂಪನಿಗಳನ್ನ ಬೆಳೆಸೋ ಸಂಸ್ಥೆಗಳು. ಕರ್ನಾಟಕ ಸರ್ಕಾರದ್ದು ಎಲಿವೇಟ್, 50 ಲಕ್ಷದವರೆಗೆ ಅನುದಾನ, ಷೇರು ಕೇಳಲ್ಲ.

ಸಹ್ಯಾದ್ರಿ_ಕೋಡ್
ಒಬ್ಬನೇ ಮಾಲೀಕತ್ವದಲ್ಲಿ ನಡೀತಾ ಇದ್ರೆ ಆಗುತ್ತಾ?

ಮಲೆನಾಡ್_ಮಾಣಿ
ಆಗಲ್ಲ. ಸೀಡ್ ಫಂಡ್‌ಗೆ ಮೊದಲು ಡಿಪಿಐಐಟಿ (ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ) ಮಾನ್ಯತೆ ಬೇಕು. ಅದು ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ಇಲ್ಲವೇ ನೋಂದಾಯಿತ ಪಾಲುದಾರಿಕೆಗೆ ಅಂತ ಇರೋದು. ಅರ್ಜಿ ಹಾಕೋ ದಿನಕ್ಕೆ ಕಂಪನಿ ಹುಟ್ಟಿ ಎರಡು ವರ್ಷ ಮೀರಿರಬಾರದು. ಕಂಪನಿ ಮಾಡಿಸಿ ಸುಮ್ಮನೆ ಕೂತು, ಆಮೇಲೆ ಉತ್ಪನ್ನ ಮಾಡೋಣ ಅನ್ನೋರ ಗಡಿಯಾರ ಅಲ್ಲೇ ಓಡ್ತಿರುತ್ತೆ.

ರೊಟ್ಟಿಯಮ್ಮ
ನಮ್ಮ ಹುಡುಗಿಯರ ಪ್ರಶ್ನೆ ಕೇಳ್ರಿ. ರೊಟ್ಟಿ, ಚಟ್ನಿಪುಡಿ ಮಾಡೋ ಪಿಎಂಇಜಿಪಿ ಘಟಕ, ಮೊದಲ ಸಾಲ ತೀರೇತಿ, ಸಬ್ಸಿಡಿನೂ ಹೊಂದಿಸ್ಯಾರ. ದೊಡ್ಡದು ಮಾಡ್ಬೇಕಂದ್ರ ಮತ್ತ ಏನರ ಸಿಗ್ತದ?

ಲೆಕ್ಕದಮನೆ
ಅಕ್ಕಾ, ಬೆಳೆಸೋಕೆ ಅಂತ್ಲೇ ಎರಡನೇ ಸಾಲ ಇದೆ, ಜನಕ್ಕೆ ಗೊತ್ತಿರೋದು ಕಮ್ಮಿ. ಪಿಎಂಇಜಿಪಿ ಅಥವಾ ಮುದ್ರಾದಲ್ಲಿ ಚೆನ್ನಾಗಿ ನಡೆದ ಘಟಕಕ್ಕೆ ಉತ್ಪಾದನೆಯಲ್ಲಿ 1 ಕೋಟಿ, ಸೇವೆಯಲ್ಲಿ 25 ಲಕ್ಷದವರೆಗಿನ ಯೋಜನೆ. ಸಬ್ಸಿಡಿ ಶೇ 15, ಈಶಾನ್ಯ ಮತ್ತು ಗುಡ್ಡಗಾಡು ರಾಜ್ಯಗಳಿಗೆ ಶೇ 20. ಸ್ವಂತ ಪಾಲು ಎಲ್ಲರಿಗೂ ಶೇ 10, ಇಲ್ಲಿ ಮಹಿಳೆ ಅಂತ ಶೇ 5 ಇಲ್ಲ. ಷರತ್ತು: ಮೊದಲ ಸಾಲ ಹೊತ್ತಿಗೆ ಸರಿಯಾಗಿ ತೀರಿರಬೇಕು, ಸಬ್ಸಿಡಿ ಹೊಂದಾಣಿಕೆ ಆಗಿರಬೇಕು, ಮೂರು ವರ್ಷದಿಂದ ಲಾಭ ತೋರಿಸಿರಬೇಕು. ಇಲ್ಲೇ ಸಿಕ್ಕಿಬೀಳೋದು. ತೆರಿಗೆ ಮಿತಿಗಿಂತ ಕೆಳಗಿದೀವಿ ಅಂತ ರಿಟರ್ನ್ ಸಲ್ಲಿಸದೆ ಬಿಟ್ಟವರ ಹತ್ರ ಲಾಭ ತೋರಿಸೋಕೆ ಕಾಗದ ಇರಲ್ಲ. ಆದಾಯ ಎಷ್ಟೇ ಇರಲಿ, ಮೊದಲ ವರ್ಷದಿಂದ ರಿಟರ್ನ್ ಸಲ್ಲಿಸಿ.

ಸ್ವಸಹಾಯ ಸಂಘದಲ್ಲಿದ್ದು ಆಹಾರ ಕೆಲಸ ಮಾಡೋರಿಗೆ ಪಿಎಂಎಫ್‌ಎಂಇಯಲ್ಲಿ ಸದಸ್ಯೆಗೆ 40 ಸಾವಿರದವರೆಗೆ ಆರಂಭಿಕ (ಸೀಡ್) ಬಂಡವಾಳನೂ ಇದೆ, ಸಣ್ಣ ಉಪಕರಣಕ್ಕೆ, ದುಡಿಯುವ ಬಂಡವಾಳಕ್ಕೆ. ಸಂಘದ ಒಕ್ಕೂಟದಲ್ಲಿ ಕೇಳಿ.

ಬಡ್ಡಿಬಸಪ್ಪ
ಪಿಎಂಇಜಿಪಿ ತಗೊಂಡವರೆಲ್ಲ ಇನ್ನೊಂದು ನೋಡ್ಕೊಳ್ಳಿ. ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತ ಸಬ್ಸಿಡಿಗೆ ಬಡ್ಡಿ ಬರಲ್ಲ, ಹಾಗೇ ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕೋ ಹಾಗೂ ಇಲ್ಲ. ಮೇಲಿನ ಲೆಕ್ಕದಲ್ಲಿ ಒಬಿಸಿ ಅರ್ಜಿದಾರರ ಸಾಲ 11.4 ಲಕ್ಷ, ಸಬ್ಸಿಡಿ 4.2 ಲಕ್ಷ. ಬಡ್ಡಿ ಬೀಳಬೇಕಾದ್ದು 7.2 ಲಕ್ಷಕ್ಕೆ. ಶೇ 11ರಂತೆ ವರ್ಷಕ್ಕೆ 79,200. ಪೂರ್ತಿ ಮೊತ್ತಕ್ಕೆ ಹಾಕಿದ್ರೆ 1,25,400. ವ್ಯತ್ಯಾಸ 46,200. ಸ್ಟೇಟ್‌ಮೆಂಟ್ ತೆಗೆಸಿ, ಸಬ್ಸಿಡಿ ಜಮಾ ಆದ ತಾರೀಖಿನಿಂದ ಬಡ್ಡಿ ಇಳಿದಿದೆಯಾ ನೋಡಿ. ಇಳಿದಿಲ್ಲ ಅಂದ್ರೆ ಶಾಖೆಗೆ ಲಿಖಿತ ಅರ್ಜಿ ಕೊಡಿ, ಬಾಯಿ ಮಾತಲ್ಲಿ ಬೇಡ.

ಇದರಲ್ಲಿ 3 ಲಕ್ಷ ಕ್ಯಾಶ್ ಕ್ರೆಡಿಟ್ (ಸಿಸಿ, ದುಡಿಯುವ ಬಂಡವಾಳಕ್ಕೆ ಬೇಕಾದಾಗ ತೆಗೆದು ಕಟ್ಟೋ ಸಾಲ) ಇದ್ರೆ ಅದಕ್ಕೂ ನಿಯಮ ಇದೆ. ಮೂರು ವರ್ಷದೊಳಗೆ ಒಮ್ಮೆಯಾದರೂ ಮಿತಿ ಪೂರ್ತಿ ಬಳಕೆ ಆಗಿರಬೇಕು, ಸರಾಸರಿ ಬಳಕೆ ಶೇ 75ಕ್ಕಿಂತ ಕಮ್ಮಿ ಇರಬಾರದು. ಇಲ್ಲದಿದ್ರೆ ಅಷ್ಟರ ಮಟ್ಟಿಗೆ ಸಬ್ಸಿಡಿ ವಾಪಸ್. ಬಡ್ಡಿ ಉಳಿಸೋಣ ಅಂತ ಸಿಸಿ ಮುಟ್ಟದೆ ಬಿಡೋ ಜಾಣರು ಇದನ್ನ ಓದಲಿ.

ನಿಷ್ಠುರವಾದಿ
ಸಾಲ ಬೇಗ ತೀರಿಸಿದ್ರೆ ಸಬ್ಸಿಡಿ ಬೇಗ ಸಿಗುತ್ತಾ?

ಬಡ್ಡಿಬಸಪ್ಪ
ಇಲ್ಲ. ಮೂರು ವರ್ಷ ಅಂದ್ರೆ ಮೂರು ವರ್ಷ.

ಗಾಣದೆತ್ತು
ತರಬೇತಿ ಬಗ್ಗೆ ಯಾರೂ ಹೇಳಲಿಲ್ಲ. ಪಿಎಂಇಜಿಪಿಯಲ್ಲಿ ಇಷ್ಟು ದೊಡ್ಡ ಯೋಜನೆಗೆ ಇಡಿಪಿ (ಉದ್ಯಮಶೀಲತೆ) ತರಬೇತಿ ಪ್ರಮಾಣಪತ್ರ ಇಲ್ಲದೆ ಬ್ಯಾಂಕು ಸಬ್ಸಿಡಿ ಕೇಳೋಕೆ ಆಗಲ್ಲ. ಆರ್‌ಸೆಟಿ ಅಥವಾ ರುಡ್‌ಸೆಟಿಯಲ್ಲಿ (ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಗಳು) ಮಾಡ್ಕೊಳ್ಳಿ, ಊಟ ವಸತಿ ಉಚಿತ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲೇ ಈಗ ದೇಶದ ತುಂಬಾ ಆರ್‌ಸೆಟಿ ಇರೋದು.

ಶೇಂಗಾಬಳ್ಳಿ
ಪಾಲುದಾರಿಕೆ ಮಾಡಿ ಪಿಎಂಎಫ್‌ಎಂಇ ಅಂತ ತೀರ್ಮಾನ ಮಾಡಿದ್ವಿ. ದುಡಿಯುವ ಬಂಡವಾಳ 5 ಲಕ್ಷಕ್ಕೆ ಏರಿಸ್ತೀವಿ. ಎರಡು ಅನುಮಾನ. ಬ್ಯಾಂಕು ಜಾಮೀನಿಗೆ ಜಮೀನು ಕೇಳಿದ್ರೆ? ಸುಮ್ಮನೆ ತಿಂಗಳುಗಟ್ಟಲೆ ಇಟ್ಟುಕೊಂಡ್ರೆ?

ಬಡ್ಡಿಬಸಪ್ಪ
ಕಿರು ಮತ್ತು ಸಣ್ಣ ಉದ್ಯಮಕ್ಕೆ ಒಂದು ಮಿತಿವರೆಗಿನ ಸಾಲಕ್ಕೆ (2025ರಲ್ಲಿ ಅದು 10 ಲಕ್ಷ ಇತ್ತು, ಈಗಿನದು ಕೇಳ್ಕೊಳ್ಳಿ) ಆಸ್ತಿ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮ. ನಿಮ್ಮದು ಅದನ್ನ ಮೀರಿದ್ರೆ ಸಿಜಿಟಿಎಂಎಸ್‌ಇ (ಸಣ್ಣ ಉದ್ಯಮದ ಸಾಲಕ್ಕೆ ಬ್ಯಾಂಕಿಗೆ ಗ್ಯಾರಂಟಿ ಕೊಡೋ ಟ್ರಸ್ಟ್) ಗ್ಯಾರಂಟಿಯಲ್ಲಿ ಕೊಡಿ ಅಂತ ಅರ್ಜಿಯಲ್ಲೇ ಬರೀರಿ. ಅದರ ವಾರ್ಷಿಕ ಶುಲ್ಕ ಸಾಮಾನ್ಯವಾಗಿ ನಿಮ್ಮ ತಲೆಗೇ ಬರುತ್ತೆ, ಆದರೂ ಅಪ್ಪನ ಪಹಣಿ ಒತ್ತೆ ಇಡೋದಕ್ಕಿಂತ ವಾಸಿ.

ತಡ ಮಾಡಿದ್ರೆ, ಅರ್ಜಿ ಕೊಟ್ಟ ದಿನದ ಸ್ವೀಕೃತಿ ಇಟ್ಟುಕೊಂಡಿರಿ. ತಿರಸ್ಕಾರ ಆದ್ರೆ ಕಾರಣ ಲಿಖಿತದಲ್ಲಿ ಕೇಳಿ. 'ಶಾಖೆಯ ಗುರಿ ಮುಗಿದಿದೆ' ಅನ್ನೋದು ಕಾರಣ ಅಲ್ಲ. ಮುಂದಿನ ಮೆಟ್ಟಿಲು ಜಿಲ್ಲಾ ಅಗ್ರಣೀಯ (ಲೀಡ್) ಬ್ಯಾಂಕ್ ವ್ಯವಸ್ಥಾಪಕರು, ಅಲ್ಲೇ ಸಂಪನ್ಮೂಲ ವ್ಯಕ್ತಿಯನ್ನೂ ಕರ್ಕೊಂಡು ಹೋಗಿ.

ಕಡಲತಡಿ
ಒಂದು ಬಾಕಿ. ಎರಡೂ ಯೋಜನೆಗೆ ಕೇಂದ್ರದ ಮಂಜೂರಾತಿ ಇದ್ದದ್ದು 2025–26ನೇ ಸಾಲಿನವರೆಗೆ. ಪಾಲುದಾರಿಕೆ ಪತ್ರ, ಕರಾರು ನೋಂದಣಿ ಅಂತ ಖರ್ಚು ಮಾಡುವ ಮೊದಲು ಪೋರ್ಟಲ್ ಹೊಸ ಅರ್ಜಿ ತೆಗೆದುಕೊಳ್ಳುತ್ತಿದೆಯಾ, ಕೆಪೆಕ್‌ನ ಈಗಿನ ಆದೇಶ ಏನಿದೆ ಅಂತ ಸಂಪನ್ಮೂಲ ವ್ಯಕ್ತಿಯ ಹತ್ತಿರ ಕೇಳಿಕೊಳ್ಳಿ.

ಶೇಂಗಾಬಳ್ಳಿ
ಸೋಮವಾರ ಅದೇ ಮೊದಲ ಕೆಲಸ. ಬೆಸ್ಕಾಂ ಅಂದಾಜು ಪತ್ರಕ್ಕೂ ಅವತ್ತೇ ಅರ್ಜಿ ಹಾಕ್ತೀವಿ. ಶೆಡ್ ಮಾಲೀಕರು ಐದು ವರ್ಷದ ಕರಾರಿಗೆ ಒಪ್ಪಿದ್ದಾರೆ, ನೋಂದಣಿ ಖರ್ಚು ನಮ್ಮದೇ ಅಂತೆ.

ಹುಬ್ಳಿ_ಮಂದಿ
ಕರಾರಿನಾಗ ಬಾಡಿಗಿ ವರ್ಷಕ್ಕೆಷ್ಟು ಏರಸ್ತಾರ ಅಂತ ಬರಿಸ್ಕೋರಿ ತಮ್ಮಾ, ಗಾಣ ಹೂಳಿದ ಮ್ಯಾಲ ಮಾಲಕರ ಮಾತು ಬದಲಾಗ್ತದ.